ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿ ಔಷಧಿ ಇದೆಯೇ? ಇದ್ದರೆ ಅದು ಮೈ ಸೇರುವುದು ಹೇಗೆ?

ಕಿತ್ತಳೆ ಸಿಪ್ಪೆಯ ಒಂದು ತುಂಡು ತೆಗೆದುಕೊಳ್ಳಿ. ಬಣ್ಣದ ಕಡೆಯನ್ನು ಉರಿಯುವ ಮೇಣದಬತ್ತಿಗೆ ತಿರುಗಿಸಿ, ಮಡಚಿ ಒಮ್ಮೆ ಹಿಂಡಿ. ಚಟಪಟ ಅಂತ ಸಣ್ಣ ಸಣ್ಣ ಕಿಡಿಗಳು ಹಾರುತ್ತವೆ. ಹಾರಿದ್ದು ರಸವಲ್ಲ, ಎಣ್ಣೆ. ಸಿಪ್ಪೆಯ ಮೇಲೆ ಕಾಣುವ ಚುಕ್ಕೆಗಳ ಕೆಳಗೆಲ್ಲ ಪುಟ್ಟ ಎಣ್ಣೆ ಚೀಲಗಳಿವೆ. ಮಡಚಿದಾಗ ಒಳಗಿನ ಒತ್ತಡ ಏರಿ, ಚೀಲದ ಮೇಲಿನ ತೆಳು ಪದರ ಹರಿದು, ಕೂದಲಿಗಿಂತ ಸಪೂರವಾದ ಧಾರೆ ಚಿಮ್ಮುತ್ತದೆ. ಇದನ್ನು ಅಮೆರಿಕದ ಸಂಶೋಧಕರು ಹೈ ಸ್ಪೀಡ್ ಕ್ಯಾಮೆರಾ ಇಟ್ಟು ಅಳೆದು 2018ರಲ್ಲಿ ಪ್ರಕಟಿಸಿದರು. ಧಾರೆಯ ವೇಗ ಸೆಕೆಂಡಿಗೆ 10 ಮೀಟರ್‌ನ ಆಸುಪಾಸು. ಹೊರಡುವ ಕ್ಷಣದ ವೇಗವರ್ಧನೆ ಮಾತ್ರ ಗುರುತ್ವಾಕರ್ಷಣೆಯ ಸುಮಾರು 5,000 ಪಟ್ಟು!

ಇಷ್ಟೊಂದು ಎಣ್ಣೆಯನ್ನು ಗಿಡ ಸಿಪ್ಪೆಯಲ್ಲೇ ಯಾಕೆ ತುಂಬಿಡುತ್ತದೆ? ಹಣ್ಣಿಗೆ ಮೊದಲ ಏಟು ಬೀಳುವುದು ಅಲ್ಲೇ, ಅದಕ್ಕೆ. ನೊಣ ಬಂದು ಮೊಟ್ಟೆ ಇಡುವುದು ಅಲ್ಲಿ, ಬೂಷ್ಟು ಹಿಡಿಯುವುದು ಅಲ್ಲಿ, ಬಿಸಿಲು ಬಡಿಯುವುದೂ ಅಲ್ಲೇ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ಹಾಗಾಗಿ ರಾಸಾಯನಿಕಗಳನ್ನು ಮಾಡಿಡುತ್ತದೆ. ನಿಂಬೆ ಸಿಪ್ಪೆಯೊಳಗೆ ಇಟ್ಟ ಹಣ್ಣಿನೊಣದ ಮೊಟ್ಟೆಯಿಂದ ಹೊರಬಂದ ಮರಿಗಳು ಎಷ್ಟೋ ಸಲ ಈ ಎಣ್ಣೆಗೇ ಸಾಯುತ್ತವೆ.

ಸಿಪ್ಪೆಯ ಔಷಧಿ ಗುಣದ ಬಗ್ಗೆ ಏನೇ ಓದಿದರೂ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಗಿಡ ಇವನ್ನೆಲ್ಲ ತನಗಾಗಿ ಮಾಡಿಕೊಂಡಿದೆ, ನಮಗಾಗಿ ಅಲ್ಲ. ನಮ್ಮ ಮೈಯಲ್ಲಿ ಅವು ಏನಾದರೂ ಮಾಡುತ್ತವೆ ಅಂದರೆ ಅದು ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಏನೂ ಆಗದೆಯೂ ಇರಬಹುದು. ಯಾವುದು ಅಂತ ತಿಳಿಯಲು ನಾನು ಕೇಳುವ ಪ್ರಶ್ನೆ ಮೂರೇ: ಸಿಪ್ಪೆಯಲ್ಲಿ ಅದು ಎಷ್ಟಿದೆ? ತಿಂದದ್ದು ರಕ್ತಕ್ಕೆ ಸೇರುತ್ತದೆಯೇ? ಮನುಷ್ಯರ ಮೇಲೆ ಯಾರಾದರೂ ಪರೀಕ್ಷಿಸಿದ್ದಾರೆಯೇ? ಮೊದಲನೆಯದಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ. ಕಥೆಯೆಲ್ಲ ಇರುವುದು ಎರಡನೆಯದರಲ್ಲಿ.

ಎರಡು ಪದರ, ಎರಡು ಲೋಕ

ಸಿಪ್ಪೆಯನ್ನು ಚಾಕುವಿನಿಂದ ಅಡ್ಡ ಕೊಯ್ದು ನೋಡಿದರೆ ಎರಡು ಪದರ ಕಾಣುತ್ತವೆ. ಹೊರಗಿನದು ತೆಳ್ಳಗಿನ ಬಣ್ಣದ ಪದರ. ಎಣ್ಣೆ ಚೀಲಗಳಿರುವುದು ಇದರಲ್ಲಿ. ಒಳಗಿನದು ಬಿಳಿ, ಮೆತ್ತಗೆ, ತಿಂದರೆ ಸಪ್ಪೆ ಇಲ್ಲವೇ ಕಹಿ. ಬಣ್ಣದ ಪದರದಲ್ಲಿ ಎಣ್ಣೆಯ ಜೊತೆಗೆ ಹಳದಿ, ಕೇಸರಿ ಬಣ್ಣ ಕೊಡುವ ಕೆರೋಟಿನಾಯ್ಡ್‌ಗಳಿವೆ. ನೋಬಿಲೆಟಿನ್, ಟ್ಯಾಂಜರೆಟಿನ್ ಅನ್ನುವ ವಸ್ತುಗಳೂ ಇವೆ. ಬಿಳಿ ಪದರದಲ್ಲಿ ಪೆಕ್ಟಿನ್ ಅನ್ನುವ ನಾರು ಮತ್ತು ಹೆಸ್ಪೆರಿಡಿನ್, ನರಿಂಜಿನ್ ತರಹದ, ಫ್ಲೇವೊನಾಯ್ಡ್ ಅನ್ನುವ ಗುಂಪಿನ ಸಸ್ಯ ವಸ್ತುಗಳು ಜಾಸ್ತಿ. ಹಾಗಾಗಿ ‘ಸಿಪ್ಪೆ ಒಳ್ಳೆಯದು’ ಅಂತ ಯಾರಾದರೂ ಹೇಳಿದರೆ ಯಾವ ಪದರ ಅಂತ ಕೇಳುವುದರಲ್ಲಿ ಅರ್ಥವಿದೆ. ಮೇಲಿನ ಬಣ್ಣವನ್ನಷ್ಟೇ ತುರಿದು ಹಾಕಿದರೆ ಎಣ್ಣೆ ಸಿಗುತ್ತದೆ, ಹೆಸ್ಪೆರಿಡಿನ್ ಹೆಚ್ಚೇನೂ ಸಿಗುವುದಿಲ್ಲ.

ಮೊದಲು ವಿಟಮಿನ್ ಸಿ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. 100 ಗ್ರಾಂ ಕಿತ್ತಳೆ ಸಿಪ್ಪೆಯಲ್ಲಿ ಸುಮಾರು 136 ಮಿಲಿಗ್ರಾಂ ವಿಟಮಿನ್ ಸಿ ಇದೆ. ತೊಳೆಯಲ್ಲಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ, 53 ಮಿಲಿಗ್ರಾಂ. ಕೇಳಲು ಭಾರಿ ಅನ್ನಿಸುತ್ತದೆ. ಆದರೆ 100 ಗ್ರಾಂ ಸಿಪ್ಪೆಯನ್ನು ಒಂದೇ ಸಲ ಯಾರು ತಿನ್ನುತ್ತಾರೆ? ಒಂದು ದೊಡ್ಡ ಚಮಚ ತುರಿ ಅಂದರೆ 6 ಗ್ರಾಂ. ಅದರಲ್ಲಿ ಸಿಗುವುದು 8 ಮಿಲಿಗ್ರಾಂ. ವಿಟಮಿನ್ ಸಿ ಬೇಕಿದ್ದರೆ ಹಣ್ಣು ತಿನ್ನಿ, ಸಾಕು.

ಎಣ್ಣೆ: ಮೈಗೆ ಸೇರುತ್ತದೆ, ಆದರೆ…

ಕಿತ್ತಳೆ ಸಿಪ್ಪೆ ಎಣ್ಣೆಯ ಶೇ 90ಕ್ಕೂ ಹೆಚ್ಚು ಭಾಗ ಒಂದೇ ವಸ್ತು: ಲಿಮೊನೀನ್. ನಿಂಬೆ ಎಣ್ಣೆಯಲ್ಲಿ ಇದು ಶೇ 60–70ರಷ್ಟು. ನಿಂಬೆಗೆ ಅದರದೇ ವಾಸನೆ ಕೊಡುವುದು ಮಾತ್ರ ಲಿಮೊನೀನ್ ಅಲ್ಲ. ಸಣ್ಣ ಪ್ರಮಾಣದಲ್ಲಿರುವ ಸಿಟ್ರಾಲ್ ಅನ್ನುವ ಇನ್ನೊಂದು ವಸ್ತು.

ಲಿಮೊನೀನ್ ಜಿಡ್ಡನ್ನು ಕರಗಿಸುತ್ತದೆ, ಕೆಲವು ಪ್ಲಾಸ್ಟಿಕ್‌ಗಳನ್ನೂ ಕರಗಿಸುತ್ತದೆ. ಥರ್ಮೊಕೋಲ್ ತುಂಡಿನ ಮೇಲೆ ಸಿಪ್ಪೆ ಹಿಂಡಿದರೆ ಎಣ್ಣೆ ಬಿದ್ದ ಕಡೆ ಗುಳಿ ಬೀಳುತ್ತದೆ. ಉಬ್ಬಿದ ರಬ್ಬರ್ ಬಲೂನಿನ ಮೇಲೆ ಹಿಂಡಿದರೆ ಬಲೂನು ಢಮ್ ಅನ್ನುತ್ತದೆ. ಪಾತ್ರೆ ತೊಳೆಯುವ, ನೆಲ ಒರೆಸುವ ದ್ರಾವಣಗಳಿಗೆ ಇದನ್ನು ಸೇರಿಸುವುದು ಬರೀ ವಾಸನೆಗಲ್ಲ.

ಜಿಡ್ಡು ಕರಗಿಸುವ ಈ ಗುಣವನ್ನು ವೈದ್ಯರೂ ಪರೀಕ್ಷಿಸಿ ನೋಡಿದ್ದಾರೆ. ಪಿತ್ತಕೋಶದ ಕಲ್ಲುಗಳಲ್ಲಿ ಹಲವು ಕೊಲೆಸ್ಟ್ರಾಲ್‌ನಿಂದ ಆದವು. 1970ರ ದಶಕದಿಂದ ಜಪಾನಿನ ವೈದ್ಯರು ರೋಗಿಗಳ ಪಿತ್ತಕೋಶಕ್ಕೆ ಕೊಳವೆಯ ಮೂಲಕ ಲಿಮೊನೀನ್ ದ್ರಾವಣವನ್ನು ನೇರವಾಗಿ ಬಿಟ್ಟು ನೋಡಿದರು. ಕೆಲವರ ಕಲ್ಲು ಕರಗಿತು, ಕೆಲವರದ್ದು ಅರ್ಧಂಬರ್ಧ. ಗಮನಿಸಿ, ನೇರವಾಗಿ ಅಂದರೆ ಕೊಳವೆಯಿಂದ, ಬಹುಪಾಲು ಶುದ್ಧ ಲಿಮೊನೀನ್. ಸಿಪ್ಪೆ ತಿಂದರೆ ಅದು ಆ ರೂಪದಲ್ಲಿ ಪಿತ್ತಕೋಶ ಮುಟ್ಟುವುದೇ ಇಲ್ಲ.

ಕಲ್ಲಿನ ಮಾತು ಬಂದದ್ದರಿಂದ ಇನ್ನೊಂದು. ನಿಂಬೆರಸ ಮತ್ತು ಆಲಿವ್ ಎಣ್ಣೆ ಕುಡಿದು ‘ಕಲ್ಲು ಹೊರಗೆ ಬಂತು’ ಅನ್ನುವ ಹಸಿರು ಉಂಡೆಗಳ ಫೋಟೊಗಳನ್ನು ನೀವೂ ನೋಡಿರಬಹುದು. ಒಬ್ಬ ರೋಗಿಯಿಂದ ಬಂದ ಅಂಥ ಉಂಡೆಗಳನ್ನು ಪ್ರಯೋಗಾಲಯದಲ್ಲಿ ನೋಡಿದ ವರದಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅವುಗಳಲ್ಲಿ ಕೊಲೆಸ್ಟ್ರಾಲ್ ಇರಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿ ಗಟ್ಟಿಯಾಗಿತ್ತು! ಕಲ್ಲು ಇದ್ದಲ್ಲೇ ಇತ್ತು.

ಹಾಗಾದರೆ ನುಂಗಿದ ಲಿಮೊನೀನ್ ಏನಾಗುತ್ತದೆ? ಕರುಳಿನಿಂದ ಅದು ಸಲೀಸಾಗಿ ರಕ್ತಕ್ಕೆ ಸೇರುತ್ತದೆ. ಯಕೃತ್ತು ಅದನ್ನು ಪೆರಿಲಿಕ್ ಆಮ್ಲದಂಥ ಬೇರೆ ವಸ್ತುಗಳಾಗಿ ಬದಲಿಸುತ್ತದೆ. ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಒಂದಿಷ್ಟು ಕೊಬ್ಬಿನಂಶವಿರುವ ಅಂಗಾಂಶಗಳಲ್ಲಿ ಉಳಿದುಕೊಳ್ಳುತ್ತದೆ. ಹೀಗೆ ಉಳಿಯುತ್ತದೆ ಅನ್ನುವ ಕಾರಣಕ್ಕೇ ಅಮೆರಿಕದ ಅರಿಜೋನಾದಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಮಹಿಳೆಯರಿಗೆ ಕೆಲವು ವಾರ ದಿನಕ್ಕೆ 2 ಗ್ರಾಂ ಲಿಮೊನೀನ್ ಕೊಟ್ಟು ನೋಡಿದರು. ಗೆಡ್ಡೆಯಲ್ಲಿ ಜೀವಕೋಶ ಬೆಳೆಯಲು ಬೇಕಾದ ಒಂದು ಪ್ರೋಟೀನ್ ಸ್ವಲ್ಪ ಇಳಿದಿತ್ತು. ಅಷ್ಟೇ. ಗೆಡ್ಡೆ ಕರಗಿತು ಅಂತಲ್ಲ, ಜನ ಜಾಸ್ತಿ ಬದುಕಿದರು ಅಂತಲೂ ಅಲ್ಲ. ಮುಂದಿನ ಸಂಶೋಧನೆಗೆ ಒಂದು ಸುಳಿವು, ಅಷ್ಟರಮಟ್ಟಿಗೆ ಬೆಲೆ.

ಅದೇ ಅರಿಜೋನಾದಿಂದ 2000ದಲ್ಲಿ ಇನ್ನೊಂದು ಅಧ್ಯಯನ ಬಂದಿತ್ತು. ಸಿಟ್ರಸ್ ಸಿಪ್ಪೆ ತಿನ್ನುವ ಅಭ್ಯಾಸವಿದ್ದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಡಿಮೆ ಕಂಡಿತು ಅಂತ. ಅದು ಜನರನ್ನು ಕೇಳಿ ಮಾಡಿದ ಲೆಕ್ಕ. ಸಿಪ್ಪೆ ತಿನ್ನುವವರು ಬೇರೆ ವಿಷಯಗಳಲ್ಲೂ ಬೇರೆ ಥರ ಬದುಕುತ್ತಿರಬಹುದು. ಜೊತೆಜೊತೆಗೆ ಕಂಡದ್ದೆಲ್ಲ ಕಾರಣ ಆಗುವುದಿಲ್ಲ, ಅಲ್ವಾ?

ಇನ್ನೊಂದು ಕಡೆಯಿಂದ ಹೆದರಿಸುವ ಸುದ್ದಿಯೂ ಇತ್ತು. ಲಿಮೊನೀನ್ ಕೊಟ್ಟ ಗಂಡು ಇಲಿಗಳಿಗೆ ಮೂತ್ರಪಿಂಡದಲ್ಲಿ ಗೆಡ್ಡೆ ಬಂತು. ಹೆಣ್ಣು ಇಲಿಗಳಿಗೆ ಬರಲಿಲ್ಲ. ಆಮೇಲೆ ಕಾರಣ ಸಿಕ್ಕಿತು. ಗಂಡು ಇಲಿಗಳ ಮೈಯಲ್ಲಿ ಹೇರಳವಾಗಿ ತಯಾರಾಗುವ ಒಂದು ಪ್ರೋಟೀನಿಗೆ ಲಿಮೊನೀನಿನಿಂದ ಆದ ವಸ್ತು ಅಂಟಿಕೊಂಡು ಮೂತ್ರಪಿಂಡದಲ್ಲಿ ಗಂಟು ಕಟ್ಟುತ್ತದೆ. ಮನುಷ್ಯರಲ್ಲಿ ಆ ಪ್ರೋಟೀನೇ ಇಲ್ಲ. ಹಾಗಾಗಿ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಲಿಮೊನೀನನ್ನು ‘ಕ್ಯಾನ್ಸರ್‌ಕಾರಕ ಅಂತ ವರ್ಗೀಕರಿಸಲಾಗದ’ 3ನೇ ಗುಂಪಿಗೆ ಹಾಕಿತು. ಇಲಿಗೆ ಒಳ್ಳೆಯದಾದದ್ದು ಮನುಷ್ಯರಿಗೆ ಒಳ್ಳೆಯದು ಅಂತ ಹೇಗೆ ಹೇಳಲಾಗದೋ, ಇಲಿಗೆ ಕೆಟ್ಟದ್ದಾದದ್ದರ ವಿಷಯವೂ ಹಾಗೇ.

‘ಸಿಪ್ಪೆ ಎಣ್ಣೆ ರೋಗಾಣು ಕೊಲ್ಲುತ್ತದೆ’ ಅನ್ನುವುದು ಇನ್ನೊಂದು ಜನಪ್ರಿಯ ಮಾತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಹಲವು ಬ್ಯಾಕ್ಟೀರಿಯಾಗಳ ಮಟ್ಟಿಗೆ ಇದು ನಿಜ. ಆದರೆ ಕಿತ್ತಳೆ ಮೇಲೆ ಬೆಳೆಯುವ ಹಸಿರು ಬೂಷ್ಟನ್ನು ನೋಡಿ. ಸಿಪ್ಪೆಗೆ ಗೀರು ಬಿದ್ದು ಎಣ್ಣೆ ವಾಸನೆ ಹೊರಬಂದರೆ ಅದರ ಬೀಜಾಣುಗಳು ಹೆದರುವುದಿಲ್ಲ, ಬದಲಿಗೆ ಮೊಳಕೆ ಒಡೆಯಲು ಶುರು ಮಾಡುತ್ತವೆ. ಎಲ್ಲರನ್ನೂ ಓಡಿಸುವ ವಾಸನೆಯೇ ಅದಕ್ಕೆ ಕರೆಯೋಲೆ.

ಸಕ್ಕರೆ ಎಲ್ಲಿ ಅಂಟಿಕೊಂಡಿದೆ ಅನ್ನುವುದೇ ಮುಖ್ಯ

ಈಗ ಬಿಳಿ ಪದರಕ್ಕೆ ಬರೋಣ. ನನ್ನ ಮಟ್ಟಿಗೆ ಸಿಪ್ಪೆಯ ನಿಜವಾದ ಸ್ವಾರಸ್ಯ ಇಲ್ಲಿದೆ.

ಹೆಸ್ಪೆರಿಡಿನ್ ಅನ್ನು ಫ್ರಾನ್ಸಿನ ಲೆಬ್ರೆಟನ್ 1828ರಲ್ಲಿ ಈ ಬಿಳಿ ಪದರದಿಂದ ಬೇರ್ಪಡಿಸಿದ. ಇದು ನೀರಿನಲ್ಲಿ ಕರಗುವುದೇ ಕಷ್ಟ. ಚಳಿಗೆ ಹೆಪ್ಪುಗಟ್ಟಿ ಮತ್ತೆ ಕರಗಿದ ಕಿತ್ತಳೆಯನ್ನು ಬಿಡಿಸಿದರೆ ತೊಳೆಗಳ ಪೊರೆಯ ಮೇಲೆ ಬಿಳಿ ಚುಕ್ಕೆಗಳು ಕಾಣುವುದುಂಟು. ಬೂಷ್ಟು ಅಂತ ಎಸೆಯುವವರೇ ಜಾಸ್ತಿ. ಅವು ಹೆಸ್ಪೆರಿಡಿನ್ ಹರಳುಗಳು.

ಇದರ ತಮ್ಮನಂಥದ್ದು ನಿಯೊಹೆಸ್ಪೆರಿಡಿನ್, ಕಹಿ ಕಿತ್ತಳೆಯಲ್ಲಿ ಸಿಗುತ್ತದೆ. ಎರಡರ ಮೂಲ ಅಣುವೂ ಒಂದೇ, ಅಂಟಿಕೊಂಡಿರುವ ಸಕ್ಕರೆಗಳೂ ಅವೇ: ಒಂದು ಗ್ಲೂಕೋಸ್, ಒಂದು ರ‍್ಯಾಮ್ನೋಸ್. ಆ ಎರಡು ಸಕ್ಕರೆಗಳು ಒಂದಕ್ಕೊಂದು ಜೋಡಿಕೊಂಡಿರುವ ಜಾಗ ಮಾತ್ರ ಬೇರೆ. ಅಷ್ಟಕ್ಕೇ ಒಂದಕ್ಕೆ ರುಚಿಯೇ ಇಲ್ಲ, ಇನ್ನೊಂದು ಬಾಯಿಗಿಡಲಾಗದಷ್ಟು ಕಹಿ. ಚಕ್ಕೋತದ ಬಂಧುವಾದ ಗ್ರೇಪ್‌ಫ್ರೂಟ್ ಹಣ್ಣಿನ ಕಹಿಗೆ ಕಾರಣವಾದ ನರಿಂಜಿನ್‌ನಲ್ಲೂ ಇದೇ ಕಹಿ ಜೋಡಣೆ ಇದೆ.

ಈ ಕಹಿಯ ಗುಟ್ಟನ್ನು ಹುಡುಕುತ್ತಿದ್ದವರು ಅಮೆರಿಕದ ಕೃಷಿ ಇಲಾಖೆಯ ಹೊರೊವಿಟ್ಜ್ ಮತ್ತು ಜೆಂಟಿಲಿ. 1960ರ ದಶಕದ ಆರಂಭದಲ್ಲಿ ಅವರು ನಿಯೊಹೆಸ್ಪೆರಿಡಿನ್ ಅಣುವಿನ ಒಂದು ಉಂಗುರವನ್ನು ಬಿಚ್ಚಿ ಹೈಡ್ರೋಜನ್ ಸೇರಿಸಿದರು. ಸಿಕ್ಕಿದ ವಸ್ತು ಸಕ್ಕರೆಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಿಹಿ! ಈಗಲೂ ಅದು ಇ 959 ಅನ್ನುವ ಸಂಖ್ಯೆಯಲ್ಲಿ ಸಿಹಿಕಾರಕವಾಗಿ ಬಳಕೆಯಲ್ಲಿದೆ. ಔಷಧಿಗಳ ಕಹಿ ಮುಚ್ಚಲೂ ಹಾಕುತ್ತಾರೆ.

ಔಷಧಿ ಗುಣಕ್ಕೆ ವಾಪಸ್ ಬರೋಣ. 1936ರಲ್ಲಿ ಹಂಗೆರಿಯ ಆಲ್ಬರ್ಟ್ ಸೆಂಟ್-ಜಾರ್ಜಿ ಮತ್ತು ಸಂಗಡಿಗರು ನಿಂಬೆಯಿಂದ ತೆಗೆದ ಫ್ಲೇವೊನಾಯ್ಡ್ ಮಿಶ್ರಣವೊಂದು ಸೂಕ್ಷ್ಮ ರಕ್ತನಾಳಗಳ ಸೋರಿಕೆಯನ್ನು ಕಡಿಮೆ ಮಾಡುತ್ತದೆ ಅಂದರು. ಅದಕ್ಕೆ ‘ವಿಟಮಿನ್ ಪಿ’ ಅಂತ ಹೆಸರಿಟ್ಟರು. ಮರುವರ್ಷವೇ ಸೆಂಟ್-ಜಾರ್ಜಿಗೆ ನೊಬೆಲ್ ಬಂತು. ಅದು ಬಂದದ್ದು ವಿಟಮಿನ್ ಸಿ ಕುರಿತ ಕೆಲಸವೂ ಸೇರಿದಂತೆ ಬೇರೆ ಕೆಲಸಕ್ಕೆ. ವಿಟಮಿನ್ ಪಿ ಮಾತ್ರ ನಿಲ್ಲಲಿಲ್ಲ. ಅದಿಲ್ಲದಿದ್ದರೆ ಯಾವ ಕಾಯಿಲೆಯೂ ಬರುವುದಿಲ್ಲ ಅಂತ ತಿಳಿಯಿತು. ಇಲ್ಲದಿದ್ದರೂ ನಡೆಯುತ್ತದೆ ಅಂದರೆ ಅದು ವಿಟಮಿನ್ ಹೇಗಾದೀತು? 1950ರಲ್ಲಿ ಆ ಹೆಸರನ್ನು ಕೈಬಿಡುವಂತೆ ಸೂಚಿಸಲಾಯಿತು. ವಿಟಮಿನ್ ಅಲ್ಲ ಅಂದಮಾತ್ರಕ್ಕೆ ಕೆಲಸವೇ ಇಲ್ಲ ಅಂತಲೂ ಅಲ್ಲ.

ಈಗ ಆ ಎರಡನೇ ಪ್ರಶ್ನೆ. ತಿಂದ ಹೆಸ್ಪೆರಿಡಿನ್ ರಕ್ತಕ್ಕೆ ಸೇರುತ್ತದೆಯೇ? ಇದ್ದ ಹಾಗೇ ಸೇರುವುದಿಲ್ಲ. ಅಂಟಿಕೊಂಡ ಆ ಸಕ್ಕರೆ ಜೋಡಿಯನ್ನು ಕಿತ್ತು ಹಾಕುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅದು ಅಲ್ಲಿಂದ ಜಾರಿ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಕಿತ್ತು ತಿನ್ನುತ್ತವೆ. ಉಳಿದ ಹೆಸ್ಪೆರೆಟಿನ್ ಅನ್ನುವ ತುಂಡು ಆಗ ರಕ್ತಕ್ಕೆ ಹೋಗುತ್ತದೆ. ಅದಕ್ಕೇ ಕಿತ್ತಳೆ ರಸ ಕುಡಿದು 5–7 ಗಂಟೆ ಆದಮೇಲೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ.

ಇದರಲ್ಲಿ ಒಂದು ತೊಡಕಿದೆ. ಎಲ್ಲರ ಕರುಳಿನಲ್ಲೂ ಒಂದೇ ಬಗೆಯ ಬ್ಯಾಕ್ಟೀರಿಯಾ ಇರುವುದಿಲ್ಲ. ಒಂದೇ ಲೋಟ ರಸ ಕುಡಿದ ಇಬ್ಬರಲ್ಲಿ ಒಬ್ಬರ ರಕ್ತಕ್ಕೆ ಹಲವು ಪಟ್ಟು ಜಾಸ್ತಿ ಸೇರಬಹುದು. ‘ನನಗೆ ಗುಣ ಕಂಡಿತು’, ‘ನನಗೆ ಏನೂ ಆಗಲಿಲ್ಲ’ ಅನ್ನುವ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಆಂಟಿಬಯೋಟಿಕ್ ಕೋರ್ಸ್ ಮುಗಿಸಿದವರ ಕರುಳಿನಲ್ಲಂತೂ ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೇ ಕಡಿಮೆ ಆಗಿರಬಹುದು.

ಇನ್ನು ಮನುಷ್ಯರ ಮೇಲಿನ ಪರೀಕ್ಷೆ. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗ ನನಗೆ ಇಷ್ಟ. 24 ಜನ, ಎಲ್ಲರೂ ಸ್ವಲ್ಪ ದಪ್ಪಗಿರುವ ನಡುವಯಸ್ಸಿನ ಗಂಡಸರು. ನಾಲ್ಕು ವಾರ ದಿನಕ್ಕೆ ಅರ್ಧ ಲೀಟರ್ ಕಿತ್ತಳೆ ರಸ. ಬೇರೆ ನಾಲ್ಕು ವಾರ ಕಿತ್ತಳೆ ಇಲ್ಲದ ಪಾನೀಯ, ಜೊತೆಗೆ 292 ಮಿಲಿಗ್ರಾಂ ಹೆಸ್ಪೆರಿಡಿನ್. ಮತ್ತೆ ನಾಲ್ಕು ವಾರ ಅದೇ ಪಾನೀಯ, ಜೊತೆಗೆ ಏನೂ ಇಲ್ಲದ ಹುಸಿ ಗುಳಿಗೆ. ಮೂರನ್ನೂ ಎಲ್ಲರೂ ಒಂದೊಂದು ಕ್ರಮದಲ್ಲಿ ತೆಗೆದುಕೊಂಡರು. ರಸ ಕುಡಿದಾಗಲೂ ಬರೀ ಹೆಸ್ಪೆರಿಡಿನ್ ನುಂಗಿದಾಗಲೂ ಬಿಪಿಯ ಕೆಳಗಿನ ಅಂಕಿ ಸ್ವಲ್ಪ ಇಳಿಯಿತು. ಅಂದರೆ ರಸದ ಪರಿಣಾಮದಲ್ಲಿ ಹೆಸ್ಪೆರಿಡಿನ್ ಪಾಲು ಇದೆ. ಚಿಕ್ಕ ಪ್ರಯೋಗ, ನಿಜ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳಿದ ಪ್ರಯೋಗ.

ಸಿಪ್ಪೆಯಿಂದ ಹೊರಟು ಗುಳಿಗೆಯಾದದ್ದು

ಸಿಪ್ಪೆಯ ವಸ್ತು ನಿಜವಾಗಿ ಔಷಧಿ ಅಂಗಡಿ ತಲುಪಿದ್ದಕ್ಕೆ ಒಳ್ಳೆಯ ಉದಾಹರಣೆ ಡಯಾಸ್ಮಿನ್. ಕಾಲಿನ ರಕ್ತನಾಳ ಉಬ್ಬಿ ಊತ, ಭಾರ ಆದವರಿಗೂ ಮೂಲವ್ಯಾಧಿಗೂ ಹಲವು ದೇಶಗಳಲ್ಲಿ ಬರೆದುಕೊಡುವ ಗುಳಿಗೆ ಇದು. ಬಲಿಯದ ಪುಟ್ಟ ಕಿತ್ತಳೆ ಕಾಯಿಗಳಲ್ಲಿ ಹೆಸ್ಪೆರಿಡಿನ್ ತುಂಬಾ ಸಾಂದ್ರವಾಗಿರುತ್ತದೆ. ಅದನ್ನು ತೆಗೆದು, ಅಣುವಿನಲ್ಲಿ ಒಂದೇ ಒಂದು ಜೋಡಿ ಬಂಧ ಹೆಚ್ಚಿಸಿದರೆ ಡಯಾಸ್ಮಿನ್ ಸಿಗುತ್ತದೆ. ಹೆಚ್ಚು ಬಳಕೆಯಲ್ಲಿರುವ 500 ಮಿಲಿಗ್ರಾಂ ಗುಳಿಗೆಯಲ್ಲಿ 450 ಡಯಾಸ್ಮಿನ್, ಉಳಿದ 50 ಹೆಸ್ಪೆರಿಡಿನ್ ಲೆಕ್ಕಕ್ಕೆ ಹಾಕುವ ಫ್ಲೇವೊನಾಯ್ಡ್‌ಗಳು.

ಆದರೆ ಅಲ್ಲೂ ಅದೇ ತಾಪತ್ರಯ: ಕರಗುವುದಿಲ್ಲ, ಒಳಗೆ ಸೇರುವುದಿಲ್ಲ. ಔಷಧಿ ತಯಾರಕರು ಕಂಡುಕೊಂಡ ದಾರಿ ಏನು ಗೊತ್ತೇ? ಸುಮ್ನೆ ಇನ್ನೂ ನುಣ್ಣಗೆ ಪುಡಿ ಮಾಡುವುದು. ಮಾಮೂಲಿ ಪುಡಿಯ ಕಣ ಸುಮಾರು 37 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇದ್ದರೆ, ಇದನ್ನು 2 ಮೈಕ್ರಾನ್‌ಗಿಂತ ಕೆಳಗೆ ಇಳಿಸಿದರು. ಅಣುವಿಗೆ ಗುರುತು ಹಚ್ಚಿ ಅಳೆದ ಪ್ರಯೋಗದಲ್ಲಿ, ದಪ್ಪ ಪುಡಿ ನುಂಗಿದಾಗ ಶೇ 33ರಷ್ಟು ಮೂತ್ರದಲ್ಲಿ ಕಂಡಿತು, ನುಣ್ಣನೆಯದು ನುಂಗಿದಾಗ ಶೇ 58ರಷ್ಟು. ಮೂತ್ರದಲ್ಲಿ ಕಂಡಿತು ಅಂದರೆ ಮೊದಲು ರಕ್ತ ಸೇರಿತ್ತು ಅಂತ ಅರ್ಥ. ವಸ್ತು ಅದೇ, ತೂಕ ಅದೇ, ಕಣದ ಗಾತ್ರ ಬೇರೆ. ಮೂಲವ್ಯಾಧಿಯ ರಕ್ತಸ್ರಾವ, ತುರಿಕೆಗೆ ಈ ಬಗೆಯ ಔಷಧಿಗಳು ಸಹಾಯ ಮಾಡುತ್ತವೆ ಅಂತ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ, ಕಾಕ್ರೇನ್ ಅನ್ನುವ ಸಂಶೋಧಕರ ಜಾಲದ 2012ರ ಪರಿಶೀಲನೆ ಹೇಳಿದೆ.

ಇದನ್ನು ಓದಿ ಸಿಪ್ಪೆ ಕುದಿಸಿ ಕುಡಿಯಲು ಹೊರಟರೆ ಅಷ್ಟು ಲಾಭವಿಲ್ಲ. ಹೆಸ್ಪೆರಿಡಿನ್ ನೀರಿಗೆ ಬಿಡುವುದು ತೀರಾ ಕಡಿಮೆ. ಲಿಮೊನೀನ್ ಕೂಡ ನೀರಿನಲ್ಲಿ ಕರಗುವುದಿಲ್ಲ, ಆವಿಯ ಜೊತೆ ಹೊರಟುಹೋಗುತ್ತದೆ. ಸಿಪ್ಪೆ ಕುದಿಯುವಾಗ ಮನೆಯೆಲ್ಲ ಘಮಘಮ ಅಂದರೆ, ಪಾತ್ರೆಯಲ್ಲಿ ಅಷ್ಟು ಕಡಿಮೆಯಾಯಿತು ಅಂತಲೇ ಅರ್ಥ. ಬೆಚ್ಚಗಿನ, ವಾಸನೆಯ ಪಾನೀಯ ಬೇಕೆನ್ನಿಸಿದರೆ ಧಾರಾಳವಾಗಿ ಕುಡಿಯಬಹುದು. ಗುಳಿಗೆಯ ಕೆಲಸವನ್ನು ಅದರಿಂದ ನಿರೀಕ್ಷಿಸುವುದು ಬೇಡ.

ನೋಬಿಲೆಟಿನ್ ಬಗ್ಗೆ ಈಚೆಗೆ ತುಂಬಾ ಮಾತಿದೆ. ಕಿತ್ತಳೆ ಜಾತಿಯ, ಅದರಲ್ಲೂ ಸಿಪ್ಪೆ ಸಡಿಲವಾಗಿರುವ ಹಣ್ಣುಗಳ ಬಣ್ಣದ ಪದರದಲ್ಲಿ ಇದು ಸಿಗುತ್ತದೆ. 2016ರ ಒಂದು ಅಧ್ಯಯನದಲ್ಲಿ ಇದು ದೇಹದ ದಿನಚರಿ ಗಡಿಯಾರವನ್ನು ನಡೆಸುವ ಪ್ರೋಟೀನ್‌ಗೆ ಅಂಟಿಕೊಂಡು, ದಪ್ಪಗಾದ ಇಲಿಗಳ ತೂಕ ಮತ್ತು ಸಕ್ಕರೆ ಮಟ್ಟವನ್ನು ಸುಧಾರಿಸಿತು. ಗಡಿಯಾರದ ಜೀನ್ ಕೆಟ್ಟ ಇಲಿಗಳಲ್ಲಿ ಆ ಲಾಭ ಹೆಚ್ಚೂಕಡಿಮೆ ಕಾಣಲಿಲ್ಲ. ಅಂದರೆ ಕೆಲಸ ನಡೆದದ್ದು ಗಡಿಯಾರದ ಮೂಲಕವೇ. ಚೆಂದದ ವಿಜ್ಞಾನ. ಆದರೆ ಇಲಿಗಳದ್ದು.

ಪೆಕ್ಟಿನ್ ಕಥೆ ಇದಕ್ಕೆ ಉಲ್ಟಾ. ಇದು ರಕ್ತಕ್ಕೆ ಸೇರುವುದೇ ಇಲ್ಲ, ಸೇರಬೇಕಾಗಿಯೂ ಇಲ್ಲ. ಕರುಳಿನಲ್ಲಿ ಅಂಟಂಟಾಗಿ ಉಬ್ಬಿ, ಪಿತ್ತರಸದ ಆಮ್ಲಗಳನ್ನು ಹಿಡಿದುಕೊಂಡು ಹೊರಹೋಗುತ್ತದೆ. ಕಳೆದುಹೋದ ಪಿತ್ತ ಆಮ್ಲವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟ್ರಾಲ್ ಬಳಸುತ್ತದೆ. ದಿನಕ್ಕೆ 6 ಗ್ರಾಂ ಪೆಕ್ಟಿನ್ ತಿಂದರೆ ಕೊಲೆಸ್ಟ್ರಾಲ್ ಹದದಲ್ಲಿರಲು ಸಹಾಯವಾಗುತ್ತದೆ ಅನ್ನುವ ಮಾತನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಒಪ್ಪಿದೆ. ಒಣಗಿಸಿದ ಸಿಪ್ಪೆಯ ಶೇ 20–30 ಪೆಕ್ಟಿನ್ ಅಂದುಕೊಂಡರೆ, 6 ಗ್ರಾಂಗೆ ಹೆಚ್ಚೂಕಡಿಮೆ 100 ಗ್ರಾಂ ಹಸಿ ಸಿಪ್ಪೆ ಬೇಕು. ಅದೂ ಪ್ರತಿದಿನ. ಬೇರೆ ಹಣ್ಣು, ತರಕಾರಿ, ಕಾಳುಗಳ ನಾರು ಇದಕ್ಕಿಂತ ಸುಲಭ ಮತ್ತು ರುಚಿ.

ಔಷಧಿಯ ಜೊತೆ ಜಗಳವಾಡುವ ವಸ್ತುಗಳು

ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಫೆಲೊಡಿಪಿನ್ ಅನ್ನುವ ಬಿಪಿ ಔಷಧಿಯ ಜೊತೆ ಆಲ್ಕೋಹಾಲ್ ಸೇರಿದರೆ ಏನಾಗುತ್ತದೆ ಅಂತ ನೋಡುತ್ತಿದ್ದರು. ಆಲ್ಕೋಹಾಲ್ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿದರು. ರಕ್ತದಲ್ಲಿ ಔಷಧಿಯ ಮಟ್ಟ ಇರಬೇಕಾದದ್ದಕ್ಕಿಂತ ಹಲವು ಪಟ್ಟು ಮೇಲಿತ್ತು. ತಪ್ಪು ಆಲ್ಕೋಹಾಲ್‌ದಲ್ಲ, ರಸದ್ದು!

ಕಾರಣ ಫ್ಯುರಾನೊಕೌಮರಿನ್ ಅನ್ನುವ ವಸ್ತುಗಳು, ಮುಖ್ಯವಾಗಿ ಬರ್ಗಮೋಟಿನ್ ಮತ್ತು ಅದರ ಬಂಧುಗಳು. ನಾವು ನುಂಗುವ ಎಷ್ಟೋ ಔಷಧಿಗಳನ್ನು ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4 ಅನ್ನುವ ಕಿಣ್ವ ಒಳಗೆ ಹೋಗುವ ಮೊದಲೇ ಒಡೆಯುತ್ತದೆ. ಅಷ್ಟು ಹಾಳಾಗುತ್ತದೆ ಅಂತ ಲೆಕ್ಕ ಹಾಕಿಯೇ ಗುಳಿಗೆಯ ಪ್ರಮಾಣ ಗೊತ್ತು ಮಾಡಿರುತ್ತಾರೆ. ಫ್ಯುರಾನೊಕೌಮರಿನ್ ಬಂದು ಈ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕರುಳು ಹೊಸ ಕಿಣ್ವ ತಯಾರಿಸುವವರೆಗೆ, ಅಂದರೆ ಒಂದರಿಂದ ಮೂರು ದಿನ, ಅದೇ ಗುಳಿಗೆ ದೊಡ್ಡ ಗುಳಿಗೆಯಂತೆ ಕೆಲಸ ಮಾಡುತ್ತದೆ. ಒಂದು ಲೋಟ ರಸ ಸಾಕು. ಬೆಳಿಗ್ಗೆ ರಸ, ರಾತ್ರಿ ಗುಳಿಗೆ ಅಂತ ಅಂತರ ಇಟ್ಟರೆ ತಪ್ಪಿಸಿಕೊಳ್ಳಲಾಗದು ಅನ್ನುವುದಕ್ಕೆ ಕಾರಣ ಇದೇ.

2012ರ ಹೊತ್ತಿಗೆ ಬೈಲಿ ಮತ್ತಿತರರು 85ಕ್ಕೂ ಹೆಚ್ಚು ಔಷಧಿಗಳ ಪಟ್ಟಿ ಮಾಡಿದ್ದರು. ಅವುಗಳಲ್ಲಿ 43ರ ಮಟ್ಟಿಗೆ ಪರಿಣಾಮ ಗಂಭೀರವಾಗಬಹುದು ಅಂದರು. ಕೊಲೆಸ್ಟ್ರಾಲಿಗೆ ಕೊಡುವ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್, ಅಂಗ ಕಸಿ ಆದವರಿಗೆ ಕೊಡುವ ಸೈಕ್ಲೊಸ್ಪೊರಿನ್ ಇವೆಲ್ಲ ಸೇರುತ್ತವೆ. ಗ್ರೇಪ್‌ಫ್ರೂಟ್ ಒಂದೇ ಅಲ್ಲ, ಚಕ್ಕೋತ ಮತ್ತು ಕಹಿ ಕಿತ್ತಳೆಯಲ್ಲೂ ಈ ವಸ್ತುಗಳಿವೆ. ಮಾಮೂಲಿ ಸಿಹಿ ಕಿತ್ತಳೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಔಷಧಿ ತೆಗೆದುಕೊಳ್ಳುವವರು ಚಕ್ಕೋತ, ಗ್ರೇಪ್‌ಫ್ರೂಟ್ ಸಿಪ್ಪೆಯ ಪುಡಿ, ಕಷಾಯ ಶುರು ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು.

ಇದೇ ಕುಟುಂಬದ ವಸ್ತುಗಳು ಚರ್ಮದ ಮೇಲೂ ಆಟ ಆಡುತ್ತವೆ. ಸಿಪ್ಪೆಯ ಎಣ್ಣೆ, ರಸ ಮೈಗೆ ತಾಗಿ, ಆ ಜಾಗಕ್ಕೆ ಬಿಸಿಲು ಬಿದ್ದರೆ, ಇವು ಬೆಳಕಿನ ಶಕ್ತಿ ಪಡೆದು ಚರ್ಮದ ಜೀವಕೋಶದ ಡಿಎನ್ಎಗೆ ಬೆಸೆದುಕೊಳ್ಳುತ್ತವೆ. ಒಂದೆರಡು ದಿನದಲ್ಲಿ ಕೆಂಪಾಗಿ, ಗುಳ್ಳೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುತ್ತದೆ. ಅದೂ ರಸ ಹರಿದ ಗೆರೆಯ ಆಕಾರದಲ್ಲೇ. ಮುಖದ ಕಾಂತಿಗೆ ನಿಂಬೆ ಸಿಪ್ಪೆ ಉಜ್ಜಿ ಬಿಸಿಲಿಗೆ ಹೋಗಿ ಅನ್ನುವ ಸಲಹೆ ಎಷ್ಟು ಅಪಾಯದ್ದು ನೋಡಿ. ವಿಚಿತ್ರ ಅಂದರೆ, ಇದೇ ಕುಟುಂಬಕ್ಕೆ ಸೇರಿದ ಸೋರಲೆನ್ ಅನ್ನುವ ಔಷಧಿಯನ್ನು ಅಳತೆ ಮಾಡಿ ಕೊಟ್ಟು, ಅಳತೆ ಮಾಡಿದ ಅತಿನೇರಳೆ ಬೆಳಕು ಹಾಯಿಸಿ, ಸೋರಿಯಾಸಿಸ್ ಮತ್ತು ತೊನ್ನಿಗೆ ಚಿಕಿತ್ಸೆ ಮಾಡುತ್ತಾರೆ.

ಸಿಪ್ಪೆ ಹಿಂಡಿ ತೆಗೆದ ಎಣ್ಣೆಯಲ್ಲಿ ಈ ವಸ್ತುಗಳಿರುತ್ತವೆ. ಆವಿಯಲ್ಲಿ ಬಟ್ಟಿ ಇಳಿಸಿದ ಎಣ್ಣೆಯಲ್ಲಿ ಇರುವುದಿಲ್ಲ, ಯಾಕೆಂದರೆ ಇವು ಆವಿಯಾಗಿ ಮೇಲೇರುವುದಿಲ್ಲ. ಆದರೆ ಯಾವ ಎಣ್ಣೆಯಾದರೂ ಮುಚ್ಚಳ ತೆರೆದಿಟ್ಟು ಹಳತಾದರೆ ಬೇರೆ ತೊಂದರೆ: ಲಿಮೊನೀನ್ ಗಾಳಿಯ ಆಮ್ಲಜನಕ ಹೀರಿ ಅಲರ್ಜಿ ತರುವ ವಸ್ತುವಾಗಿ ಬದಲಾಗುತ್ತದೆ.

ತೂಕ ಇಳಿಸುವ ಗುಳಿಗೆಗಳ ಚೀಟಿಯಲ್ಲಿ ‘ಕಹಿ ಕಿತ್ತಳೆ ಸಾರ’ ಅಂತ ಕಂಡರೆ ಅಲ್ಲಿರುವುದು ಸಿನೆಫ್ರಿನ್. ಇದರ ಅಣು ಎಫೆಡ್ರಿನ್ ಅನ್ನುವ ಉತ್ತೇಜಕವನ್ನು ಹೋಲುತ್ತದೆ. ಹೃದಯಾಘಾತ, ಪಾರ್ಶ್ವವಾಯುವಿನ ಭಯದಿಂದ ಅಮೆರಿಕ 2004ರಲ್ಲಿ ಎಫೆಡ್ರಿನ್ ಸಿಗುವ ಎಫೆಡ್ರಾ ಗಿಡದ ಗುಳಿಗೆಗಳನ್ನು ನಿಷೇಧಿಸಿದಾಗ, ಆ ಜಾಗಕ್ಕೆ ಬಂದದ್ದು ಇದು. ಅದರಲ್ಲೂ ಕೆಫೀನ್ ಜೊತೆ ಸೇರಿದಾಗ ಎದೆಬಡಿತ, ಬಿಪಿ ಏರಬಹುದು. ಹೃದಯದ ತೊಂದರೆ ಇರುವವರು ಇದರ ಹತ್ತಿರ ಹೋಗದಿರುವುದೇ ಸರಿ.

2020ರಲ್ಲಿ ನಿಂಬೆ, ಗ್ರೇಪ್‌ಫ್ರೂಟ್ ಸಿಪ್ಪೆಯನ್ನು ಗಂಟೆಗಟ್ಟಲೆ ಕುದಿಸಿದರೆ ಮನೆಯಲ್ಲೇ ಕ್ವಿನೈನ್ ಸಿಗುತ್ತದೆ, ಅದೇ ಕೊರೊನಾಗೆ ಮದ್ದು ಅನ್ನುವ ಸಂದೇಶ ಊರೆಲ್ಲ ಸುತ್ತಿತು. ಎರಡೂ ಸುಳ್ಳು. ಕ್ವಿನೈನ್ ಬರುವುದು ಸಿಂಕೋನಾ ಮರದ ತೊಗಟೆಯಿಂದ. ಸಿಪ್ಪೆಗೂ ಅದಕ್ಕೂ ಇರುವ ಹೋಲಿಕೆ ಕಹಿ ಮಾತ್ರ. ಕಹಿಯಾದದ್ದೆಲ್ಲ ಕ್ವಿನೈನ್ ಅಲ್ಲ.

ತಿನ್ನುವುದಾದರೆ

ಅಡುಗೆಗೆ ಒಂದಿಷ್ಟು ತುರಿ ಹಾಕುವುದರಿಂದ ಆರೋಗ್ಯವಂತರಿಗೆ ತೊಂದರೆ ಇಲ್ಲ. ಗಮನ ಕೊಡಬೇಕಾದದ್ದು ಸಿಪ್ಪೆಯ ಮೇಲಿರುವುದಕ್ಕೆ. ಕಿತ್ತ ಹಣ್ಣು ಕೊಳೆಯದಿರಲಿ ಅಂತ ಇಮಾಜಲಿಲ್, ಥಯಾಬೆಂಡಜೋಲ್ ತರಹದ ಶಿಲೀಂಧ್ರನಾಶಕ ಹಾಕುತ್ತಾರೆ. ಮೇಲೆ ಹೊಳಪಿಗೆ, ಬಾಡದಿರಲಿ ಅಂತ ಮೇಣ ಬಳಿಯುತ್ತಾರೆ. ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದರೆ ಕೊಳೆ ಮತ್ತು ಒಂದಿಷ್ಟು ಶಿಲೀಂಧ್ರನಾಶಕ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಇಮಾಜಲಿಲ್‌ಗೆ ನೀರಿಗಿಂತ ಜಿಡ್ಡು ಇಷ್ಟ. ಹಾಗಾಗಿ ಅದು ಮೇಣದಲ್ಲೂ ಎಣ್ಣೆ ಚೀಲಗಳಿರುವ ಬಣ್ಣದ ಪದರದಲ್ಲೂ ಸೇರಿಕೊಳ್ಳುತ್ತದೆ, ಒಳಗಿನ ತೊಳೆಗೆ ಇಳಿಯುವುದು ಕಡಿಮೆ. ಯುರೋಪ್ ಒಕ್ಕೂಟದಲ್ಲಿ ಇಂಥವನ್ನು ಹಾಕಿದ್ದರೆ ಹಣ್ಣಿನ ಚೀಟಿಯಲ್ಲಿ ಬರೆಯಬೇಕು ಅನ್ನುವ ನಿಯಮವಿದೆ. ಸಿಪ್ಪೆ ತಿನ್ನುವ ಉದ್ದೇಶವಿದ್ದರೆ ಕೊಯ್ದ ಮೇಲೆ ಶಿಲೀಂಧ್ರನಾಶಕ ಹಾಕದ, ಮೇಣ ಬಳಿಯದ ಹಣ್ಣನ್ನು ಹುಡುಕಿ ತರುವುದು ವಾಸಿ. ಅಂಥ ಹಣ್ಣು ಅಷ್ಟು ಹೊಳೆಯುವುದಿಲ್ಲ, ಬೇಗ ಬಾಡುತ್ತದೆ.